ಕಾಫಿತೋಟದ ಜೇನಿಗೆ ಕಟ್ಟಿದ ಬೆಲೆ

ಸಾಗುವಳಿಯ ನೆಲದಲ್ಲಿ ಜೀವವೈವಿಧ್ಯದ ಬೆಲೆಯನ್ನು ಹಣದಿಂದ ಅಳೆಯಬಹುದೆಂಬ ಪಕ್ಷದವರು ಪ್ರಮಾಣವಾಗಿ ಮುಂದಿಡುವ ಪ್ರಬಂಧವೊಂದುಂಟು. ಟೇಲರ್ ರಿಕೆಟ್ಸ್, ಗ್ರೆಚೆನ್ ಡೈಲಿ, ಪಾಲ್ ಎರ್ಲಿಕ್, ಚಾರ್ಲ್ಸ್ ಮಿಚೆನರ್ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಈ ಪ್ರಬಂಧವು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಒಂದು ಕಾಫಿತೋಟವನ್ನು ಕುರಿತದ್ದು. ತೋಟದ ನೆರೆಯಲ್ಲಿ 46 ಮತ್ತು 111 ಹೆಕ್ಟೇರುಗಳ ಎರಡು ಅರಣ್ಯಖಂಡಗಳು. ಅಲ್ಲಿಂದ ಬರುವ ಜೇನ್ನೊಣಗಳ ಪರಾಗಸ್ಪರ್ಶದಿಂದ, ಕಾಡಿಗೆ ಸುಮಾರು ಒಂದು ಕಿಲೋಮೀಟರಿನೊಳಗಿನ ಗಿಡಗಳಲ್ಲಿ ಫಸಲು ಶೇಕಡಾ 20ರಷ್ಟು ಹೆಚ್ಚಿ, ಪೀಬರಿಯೆಂಬ ಒಂಟಿಕಾಳು ಶೇಕಡಾ 27ರಷ್ಟು ಕಡಮೆಯಾಯಿತು. 2000–2003ರ ಅವಧಿಯಲ್ಲಿ ಈ ಲಾಭವು ವರ್ಷಕ್ಕೆ ಸುಮಾರು 60,000 ಡಾಲರುಗಳೆಂದು ಗಣಿಸಲಾಯಿತು.

ಕೈಯಿಂದ ಪರಾಗ ಹಚ್ಚಿದ ಹೂಗಳನ್ನೂ ಹಾಗೆಯೇ ಬಿಟ್ಟ ಹೂಗಳನ್ನೂ ಹೋಲಿಸಿ ನಿರ್ಣಯಿಸಿದ ಕ್ರಮವು ಶ್ಲಾಘ್ಯವೇ. ದೋಷವಿರುವುದು ಆ ಸಂಖ್ಯೆಗೆ ಇತರರು ಇಟ್ಟ ಹೆಸರಿನಲ್ಲಿ. 2006ರಲ್ಲಿ ಡಗ್ಲಾಸ್ ಮೆಕಾಲಿ ಎಂಬವರು ಬರೆದಿರುವಂತೆ, ಕಾಫಿಯ ಧಾರಣೆ ಕುಸಿಯಲು ತೋಟದವರು ಗಿಡಗಳನ್ನು ತೆಗೆದು ಅನಾನಸು ನೆಟ್ಟರು. ಅನಾನಸಿನ ಹಣ್ಣಿಗೆ ಪರಾಗಸ್ಪರ್ಶ ಬೇಕಿಲ್ಲ. ಆದರೆ ಬೀಜಗಟ್ಟಿ ಹಣ್ಣು ಕೆಡುವುದೇ ಹೆಚ್ಚು. ಕಾಡು ನಿಂತಲ್ಲಿಯೇ ನಿಂತಿತ್ತು. ಅದರ ಜೇನಿನ ಬೆಲೆ ಮಾತ್ರ ಸೊನ್ನೆಯಾಯಿತು. ದಾಸವಾಳದ ಬಳಿಯಿಟ್ಟ ಸ್ಫಟಿಕ ಕೆಂಪಾಗಿ ತೋರುವುದು ಉಪಾಧಿಯಿಂದಲೇ ಹೊರತು ಸ್ವಭಾವದಿಂದಲ್ಲವೆಂದು ಶಾಸ್ತ್ರಕಾರರು ಹೇಳುವರಷ್ಟೆ. ಇಲ್ಲಿ ಕಾಫಿಯ ಧಾರಣೆಯೇ ದಾಸವಾಳ. ಸೋಪಾಧಿಕವಾದ ಬೆಲೆಯನ್ನು ವೈವಿಧ್ಯದ ಸ್ವರೂಪವೆನ್ನುವುದು ಅತಿವ್ಯಾಪ್ತಿ. ಕೊರತೆಯೆಂದು ಅಲ್ಲಿ ಕಳೆಯಲಾದ ಪೀಬರಿಯನ್ನೇ ಮೈಸೂರು ಸೀಮೆಯ ಕಾಫಿರಸಿಕರು ಕೇಳಿ ಕೊಳ್ಳುತ್ತಾರೆ!

ಹಾಗೆಂದು ಅಳತೆಯೇ ವ್ಯರ್ಥವೆನ್ನುವುದು ದುಡುಕು. ವೈವಿಧ್ಯದ ನಿಜವಾದ ಸಾಕ್ಷ್ಯವು ರಿಕೆಟ್ಸರೇ ಅದೇ ವರ್ಷ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿದೆ. ಡಾಲರಿನ ಮೋಹದಲ್ಲಿ ಅದನ್ನು ಕಂಡವರು ವಿರಳ. ಕಾಡಿನಿಂದ ದೂರದ ಗಿಡಗಳಿಗೆ ಬರುತ್ತಿದ್ದುದು ಬಹುಮಟ್ಟಿಗೆ ಹೊರದೇಶದಿಂದ ಬಂದು ನೆಲೆಸಿದ ಒಂದೇ ಜಾತಿಯ ಜೇನು. ಕಾಡಿನ ಹತ್ತಿರ ಅದರೊಡನೆ ಕೊಂಡಿಯಿಲ್ಲದ ನಾಡಜೇನುಗಳು, ಮಲೆನಾಡಿನವರು ಮಿಸರಿಯೆನ್ನುವುದರ ಬಳಗದವು, ಹಲವು ಜಾತಿ. 2001ರಿಂದ 2002ಕ್ಕೆ ಆ ಪರದೇಶದ ಜೇನು ತೀರ ಇಳಿಮುಖವಾದಾಗ ದೂರದ ಗಿಡಗಳು ಸೊರಗಿದವು. ಹತ್ತಿರದವಕ್ಕೆ ನಾಡಜೇನುಗಳು ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದವು. ಇದು ಸಂಖ್ಯೆಯ ಫಲವಲ್ಲ, ಜಾತಿಭೇದದ ಫಲ. 60,000 ಡಾಲರುಗಳ ಲೆಕ್ಕದಲ್ಲಿ ಇದಕ್ಕೆ ಪ್ರತ್ಯೇಕವಾದ ಬಾಬು ಇಲ್ಲ.