ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಸನ್ ಕಂಪನಿಯ ಹಳೆಯ ಸ್ಪಾರ್ಕ್‌ಸ್ಟೇಷನ್ ವರ್ಕ್‌ಸ್ಟೇಷನ್ ಒಂದನ್ನು ವರ್ಷಗಳ ನಂತರ ಆನ್ ಮಾಡಿದಾಗ ಅದು ಹೇಳುವ ಮೊದಲ ದೂರು ಸಾಮಾನ್ಯವಾಗಿ ನೆಟ್‌ವರ್ಕಿನ ಬಗ್ಗೆ. ಆರ್‌ಎಆರ್‌ಪಿ ಪ್ಯಾಕೆಟ್‌ಗೆ ಕಾದು ಹೊತ್ತು ಮೀರಿತು ಎಂಬ ಸಾಲು ಬಿಳಿ ಪರದೆಯ ಮೇಲೆ ಮೂಡುತ್ತದೆ. ಸ್ವಲ್ಪ ಹೊತ್ತಿಗೆ ಅದೇ ಸಾಲು ಮತ್ತೆ. ಹೊಸಬರು ಕೇಬಲ್ ಬಿಚ್ಚಿ ಹಾಕುತ್ತಾರೆ, ಟ್ರಾನ್ಸೀವರ್ ಬದಲಿಸುತ್ತಾರೆ, ಹಬ್ಬನ್ನು ಶಂಕಿಸುತ್ತಾರೆ. ನೆಟ್‌ವರ್ಕಿಗೆ ಏನೂ ಆಗಿರುವುದಿಲ್ಲ. ಸತ್ತಿರುವುದು ಮದರ್‌ಬೋರ್ಡಿನ ಮೇಲಿನ ಒಂದು ಚಿಪ್‌ನೊಳಗೆ ಹುದುಗಿರುವ ಪುಟ್ಟ ಲಿಥಿಯಂ ಬ್ಯಾಟರಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಈ ಯಂತ್ರಗಳ ರಿಪೇರಿಗೆ ಹೇಳಿ ಮಾಡಿಸಿದ ಹಾಗಿದೆ. ಬ್ಯಾಟರಿಯ ದೋಷ ನೆಟ್‌ವರ್ಕಿನ ದೋಷವಾಗಿ ತೋರುತ್ತದೆ. ಒಂದು ಫ್ಯೂಸ್ ಹೋದರೆ ಮಾನಿಟರ್ ಹೋದಂತೆ ಕಾಣುತ್ತದೆ. ಕೇಬಲ್ಲಿನ ತುದಿಯಲ್ಲಿ ಸಿಕ್ಕಿಸಬೇಕಾದ ಟರ್ಮಿನೇಟರ್ ಮರೆತರೆ ಫೈಲ್‌ಸಿಸ್ಟಂ ಕೆಟ್ಟಿತೆಂದು ಯುನಿಕ್ಸ್ ಗೋಳಿಡುತ್ತದೆ. ಇದಕ್ಕೆ ಕಾರಣ ಈ ಯಂತ್ರಗಳನ್ನು ಕಟ್ಟಿದ ರೀತಿಯಲ್ಲೇ ಇದೆ.

1982ರಲ್ಲಿ ಆಂಡಿ ಬೆಕ್ಟೊಲ್‌ಶೈಮ್, ವಿನೋದ್ ಖೋಸ್ಲಾ ಮತ್ತು ಸ್ಕಾಟ್ ಮೆಕ್‌ನೀಲಿ ಸೇರಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದರು. ಬರ್ಕ್ಲಿಯಲ್ಲಿ ಯುನಿಕ್ಸ್ ತಿದ್ದುತ್ತಿದ್ದ ಬಿಲ್ ಜಾಯ್ ಬೇಗನೆ ಜೊತೆಯಾದರು. ಕಂಪನಿಯ ಹೆಸರು ಬಂದದ್ದೇ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿ ನೆಟ್‌ವರ್ಕ್ ಎಂಬುದರ ಮೊದಲಕ್ಷರಗಳಿಂದ. ಅಂದರೆ ಈ ವರ್ಕ್‌ಸ್ಟೇಷನ್‌ಗಳು ಹುಟ್ಟಿನಿಂದಲೇ ಒಂಟಿ ಯಂತ್ರಗಳಲ್ಲ. ಡಿಸ್ಕ್ ಇಲ್ಲದಿದ್ದರೆ ನೆಟ್‌ವರ್ಕಿನಿಂದ ಏಳಬೇಕು, ಕೀಬೋರ್ಡ್ ಇಲ್ಲದಿದ್ದರೆ ಸೀರಿಯಲ್ ತಂತಿಯ ಮೂಲಕ ಮಾತಾಡಬೇಕು. ಒಂದು ದಾರಿ ಮುಚ್ಚಿದರೆ ಇವು ನಿಲ್ಲುವುದಿಲ್ಲ, ಸದ್ದಿಲ್ಲದೆ ಇನ್ನೊಂದು ದಾರಿ ಹಿಡಿಯುತ್ತವೆ. ನಮ್ಮ ಕಣ್ಣಿಗೆ ಬೀಳುವುದು ಆ ಎರಡನೆಯ ದಾರಿಯಲ್ಲಿ ಎಡವಿದ್ದು ಮಾತ್ರ. ಆದ್ದರಿಂದ ಹಳೆಯ ವರ್ಕ್‌ಸ್ಟೇಷನ್ ಎದುರು ಕೂತಾಗ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ, ಇಲ್ಲಿಗೆ ಬರುವ ಮುಂಚೆ ಇದು ಎಲ್ಲಿಗೆ ಹೋಗಲು ನೋಡಿತ್ತು ಎಂಬುದು.

ಬ್ಯಾಟರಿಯ ಕತೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ, ಇದರಷ್ಟು ಚೆನ್ನಾಗಿ ಕಲಿಸುವ ದೋಷ ಇನ್ನೊಂದಿಲ್ಲ. 1989ರಲ್ಲಿ ಬಂದ ಸ್ಪಾರ್ಕ್‌ಸ್ಟೇಷನ್ 1 ಎಂಬ ಚಪ್ಪಟೆ ಪೆಟ್ಟಿಗೆಯಲ್ಲಿ 20 ಮೆಗಾಹರ್ಟ್ಸ್ ಪ್ರೊಸೆಸರ್ ಇತ್ತು. ಅದರ ಬೋರ್ಡಿನ ಮೇಲೆ ಎಂ48ಟಿ02 ಎಂಬ 24 ಕಾಲಿನ ಚಿಪ್ ಇದೆ. ಎರಡು ಕಿಲೋಬೈಟ್ ನೆನಪು, ಒಂದು ಗಡಿಯಾರ, ಎರಡನ್ನೂ ಜೀವಂತ ಇಡಲು ಬ್ಯಾಟರಿ, ಎಲ್ಲವೂ ಒಂದೇ ಎರಕದೊಳಗೆ. ಬೂಟ್ ಆಗುವುದು ಯಾವ ಡಿಸ್ಕಿನಿಂದ, ಕನ್ಸೋಲ್ ಯಾವುದು ಎಂಬ ಆಯ್ಕೆಗಳೆಲ್ಲ ಇಲ್ಲೇ ಕುಳಿತಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ಯಂತ್ರದ ಗುರುತೂ ಇಲ್ಲೇ ಇದೆ. ಸನ್ ತನ್ನ ಈಥರ್ನೆಟ್ ವಿಳಾಸವನ್ನು ನೆಟ್‌ವರ್ಕ್ ಚಿಪ್‌ನಲ್ಲಿ ಇಡಲಿಲ್ಲ, ಈ ಗಡಿಯಾರದ ಚಿಪ್‌ನಲ್ಲಿ ಇಟ್ಟಿತು.

ಐಡಿಪ್ರಾಮ್ ಎಂಬ ಈ ಗುರುತಿನ ಭಾಗ ಹದಿನಾರು ಬೈಟ್‌ಗಳದ್ದು. ಮೊದಲನೆಯದು ನಮೂನೆ, ಎರಡನೆಯದು ಯಂತ್ರದ ಜಾತಿ: ಸ್ಪಾರ್ಕ್‌ಸ್ಟೇಷನ್ 1 ಆದರೆ ಹದಿನಾರಂಕಿಯಲ್ಲಿ (ಹೆಕ್ಸಾಡೆಸಿಮಲ್) 51, ಐಪಿಸಿ ಎಂಬ ಮಾದರಿಯಾದರೆ 52, ಸ್ಪಾರ್ಕ್‌ಸ್ಟೇಷನ್ 2 ಆದರೆ 55. ಮುಂದಿನ ಆರು ಬೈಟ್ ಈಥರ್ನೆಟ್ ವಿಳಾಸ, ಅದು 08:00:20 ಎಂದೇ ಶುರುವಾಗಬೇಕು. ಆಮೇಲೆ ತಯಾರಾದ ದಿನಾಂಕ, ಕ್ರಮಸಂಖ್ಯೆ, ಕೊನೆಗೆ ಲೆಕ್ಕ ತಾಳೆ ನೋಡುವ ಒಂದು ಬೈಟ್. ಜಾತಿಯ ಬೈಟ್ ಮತ್ತು ಕ್ರಮಸಂಖ್ಯೆ ಸೇರಿದರೆ ಹೋಸ್ಟ್‌ಐಡಿ. ಆ ಕಾಲದ ದುಬಾರಿ ಸಾಫ್ಟ್‌ವೇರಿನ ಲೈಸೆನ್ಸುಗಳೆಲ್ಲ ಇದಕ್ಕೇ ಗಂಟು ಹಾಕಿಕೊಂಡಿದ್ದವು.

ಬ್ಯಾಟರಿಯ ಆಯಸ್ಸು ಸುಮಾರು ಹತ್ತು ವರ್ಷ. ಅದು ಮುಗಿದಾಗ ಹದಿನಾರು ಬೈಟ್‌ಗಳೂ ಅಳಿಸಿಹೋಗಿ ಅಲ್ಲಿ ಕಸ ತುಂಬುತ್ತದೆ, ಬಹುಮಟ್ಟಿಗೆ ಎಲ್ಲವೂ ಎಫ್‌ಎಫ್. ಯಾವ ಡಿಸ್ಕಿನಿಂದ ಏಳಬೇಕೆಂಬುದೂ ಮರೆತುಹೋಗಿ ಯಂತ್ರ ಬಹಳ ಸಲ ನೆಟ್‌ವರ್ಕಿನ ಬಾಗಿಲಿಗೆ ಹೋಗುತ್ತದೆ. ಆರ್‌ಎಆರ್‌ಪಿ ಎಂದರೆ, ನನ್ನ ಈಥರ್ನೆಟ್ ವಿಳಾಸ ಇಂಥದ್ದು, ನನ್ನ ಐಪಿ ವಿಳಾಸ ಯಾವುದು ಎಂದು ಕೂಗಿ ಕೇಳುವುದು. ತನ್ನ ವಿಳಾಸವೇ ಗೊತ್ತಿಲ್ಲದವನು ಹಾಗೆ ಕೇಳಿದರೆ ಯಾವ ಸರ್ವರ್ ಉತ್ತರ ಕೊಟ್ಟೀತು? ಆ ಸಾಲು ಮತ್ತೆ ಮತ್ತೆ ಮೂಡುವುದು ಅದಕ್ಕೆ. ಅದರ ಮೇಲೆಲ್ಲೋ, ಐಡಿಪ್ರಾಮ್ ಸರಿಯಿಲ್ಲ ಎಂಬ ಇನ್ನೊಂದು ಸಾಲು ಕ್ಷಣಮಾತ್ರ ಬಂದು ಹೋಗಿರುತ್ತದೆ. ಓದಬೇಕಾದದ್ದು ಅದನ್ನು.

ಚಿಕಿತ್ಸೆ ಎರಡು ಬಗೆ, ಎರಡೂ ಬೇಕು. ಸ್ಟಾಪ್ ಮತ್ತು ಎ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಯಂತ್ರ ಎಲ್ಲವನ್ನೂ ಕೈಬಿಟ್ಟು 'ಓಕೆ' ಎಂಬ ಪ್ರಾಂಪ್ಟ್ ಕೊಡುತ್ತದೆ. ಮೊದಲ ಸ್ಪಾರ್ಕ್‌ಸ್ಟೇಷನ್‌ಗಳಾದರೆ ಬಾಣದ ಗುರುತು ಬರುತ್ತದೆ, ಎನ್ ಒತ್ತಿದ ಮೇಲೆ ಓಕೆ. ಇದು ಮಿಚ್ ಬ್ರಾಡ್ಲಿ ರೂಪಿಸಿದ ಓಪನ್‌ಬೂಟ್. ಒಳಗಿರುವುದು ಪೂರಾ ಒಂದು ಫೋರ್ತ್ ಭಾಷೆ. ಮುಂದೆ 1994ರಲ್ಲಿ ಇದೇ ಐಇಇಇ 1275 ಎಂಬ ಮಾನಕವಾಯಿತು. ಡಿಸ್ಕ್ ಇಲ್ಲ, ಯುನಿಕ್ಸ್ ಇಲ್ಲ, ಬರಿಯ ಬೋರ್ಡು. ಆದರೂ ಅದರ ಮೇಲೆ ಕೂತು ಪ್ರೋಗ್ರಾಂ ಬರೆಯಬಹುದು. 'ಎಂಕೆಪಿ' ಎಂಬ ಪದದಿಂದ ಒಂದೊಂದೇ ಬೈಟ್ ತುಂಬುತ್ತಾ ಹೋಗಿ, ಕೊನೆಯಲ್ಲಿ ಮೊದಲ ಹದಿನೈದು ಬೈಟ್‌ಗಳನ್ನು ಎಕ್ಸ್‌ಓಆರ್ ಮಾಡುವ ಪುಟ್ಟ ಲೂಪ್ ಒಂದನ್ನು ಅಲ್ಲೇ ಬರೆದು ಅದರ ಉತ್ತರವನ್ನು ಹದಿನಾರನೆಯ ಬೈಟ್‌ನಲ್ಲಿ ಇಟ್ಟರೆ ಯಂತ್ರಕ್ಕೆ ತನ್ನ ಗುರುತು ಮರಳುತ್ತದೆ. ಒಂದು ಕಂಪ್ಯೂಟರಿಗೆ ಅದರ ಹೆಸರನ್ನು ನಮ್ಮ ಬೆರಳಿನಿಂದಲೇ ಬರೆದು ಕೊಡುವ ಈ ಕೆಲಸದಷ್ಟು ಸಂತೋಷ ಕೊಡುವಂಥದ್ದು ನನಗೆ ಈ ಹವ್ಯಾಸದಲ್ಲಿ ಬೇರೆ ಸಿಕ್ಕಿಲ್ಲ.

ಆದರೆ ಕರೆಂಟು ಹೋದರೆ ಅದೂ ಅಳಿಸಿಹೋಗುತ್ತದೆ. ಹಾಗಾಗಿ ಚಿಪ್ ಬದಲಿಸಬೇಕು ಅಥವಾ ಅದರ ಮೇಲ್ಭಾಗದ ಎರಕವನ್ನು ಜೋಪಾನವಾಗಿ ಅರದಿಂದ ಉಜ್ಜಿ, ಸತ್ತ ಬ್ಯಾಟರಿಯ ಸಂಪರ್ಕ ಕಡಿದು, ಹೊರಗಿನಿಂದ ಮೂರು ವೋಲ್ಟಿನ ಸಿಆರ್2032 ಸೆಲ್ ಬೆಸೆಯಬೇಕು. ಸೆಲ್ಲೂ ಅದರ ಹೋಲ್ಡರೂ ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲೂ ಸಿಗುತ್ತವೆ. ಹೊಸ ಚಿಪ್ ತಂದವರು ಗಮನಿಸಬೇಕಾದ ಒಂದು ಸಂಗತಿ: ಬ್ಯಾಟರಿ ಉಳಿಸಲೆಂದು ಕಾರ್ಖಾನೆಯಲ್ಲೇ ಅದರ ಗಡಿಯಾರ ನಿಲ್ಲಿಸಿ ಕಳಿಸಿರುತ್ತಾರೆ. ಓಕೆ ಪ್ರಾಂಪ್ಟಿನಲ್ಲಿ 'ವಾಚ್-ಕ್ಲಾಕ್' ಎಂದರೆ ಸೆಕೆಂಡಿಗೊಮ್ಮೆ ಅಂಕಿ ಓಡಬೇಕು. ಓಡದಿದ್ದರೆ ಚಿಪ್ ಕೆಟ್ಟಿದೆ ಎಂದು ಎಸೆಯಬೇಡಿ, ಗಡಿಯಾರವನ್ನು ಎಬ್ಬಿಸಿ.

ಕೀಬೋರ್ಡಿನ ವಿಷಯ ಇದರ ತಮ್ಮ. ಆನ್ ಆದಾಗ ಕೀಬೋರ್ಡ್ ಕಾಣದಿದ್ದರೆ ಸನ್ ಯಂತ್ರ ಪರದೆಯನ್ನು ಬಿಟ್ಟು ಮೊದಲ ಸೀರಿಯಲ್ ಪೋರ್ಟಿಗೆ ಮಾತನ್ನು ತಿರುಗಿಸುತ್ತದೆ, 9600 ಬಾಡ್ ವೇಗದಲ್ಲಿ. ಯಂತ್ರ ಆನ್ ಇದ್ದಾಗಲೇ ಕೀಬೋರ್ಡ್ ಕಿತ್ತು ಹಾಕಿದರೆ ಬೋರ್ಡಿನ ಮೇಲಿನ ಪುಟ್ಟ ಫ್ಯೂಸ್ ಹೋಗುವ ಸಾಧ್ಯತೆ ಇದೆ. ಮುಂದಿನ ಸಲ ಆನ್ ಮಾಡಿದಾಗ ಪರದೆಯಲ್ಲಿ ಏನೂ ಇಲ್ಲ. ಮಾನಿಟರ್ ಹೋಯಿತೆಂದು ಆ ಭಾರದ ಪೆಟ್ಟಿಗೆಯನ್ನು ಎತ್ತಿ ಇಳಿಸುವ ಮೊದಲು ಸೀರಿಯಲ್ ಕೇಬಲ್ ಹಾಕಿ ನೋಡಿ. ಯಂತ್ರ ಅಲ್ಲಿ ಆರಾಮಾಗಿ ಮಾತಾಡುತ್ತಾ ಕೂತಿರುತ್ತದೆ.

ಸೀರಿಯಲ್ ಟರ್ಮಿನಲ್ಲಿಗೆ ಇನ್ನೊಂದು ಗುಣ ಇದೆ. ತಂತಿ ಸುಮ್ಮನಿದ್ದಾಗಲೂ ಅದರಲ್ಲಿ ಋಣ ವೋಲ್ಟೇಜ್ ನಿಂತಿರಬೇಕು. ಟರ್ಮಿನಲ್ ಆಫ್ ಮಾಡಿದ ಕೂಡಲೇ ಅದು ಬಿದ್ದುಹೋಗುತ್ತದೆ, ಯಂತ್ರಕ್ಕೆ ಅದು ಬ್ರೇಕ್ ಸಂಕೇತವಾಗಿ ಕೇಳುತ್ತದೆ. ಬ್ರೇಕ್ ಎಂದರೆ ಸ್ಟಾಪ್-ಎ ಒತ್ತಿದ ಹಾಗೇ. ಸಂಜೆ ಮನೆಗೆ ಹೊರಟವರು ಟರ್ಮಿನಲ್ ಆರಿಸಿದರೆ ಸರ್ವರ್ರೇ ನಿಂತುಬಿಡುವುದು ಹೀಗೆ. 'ಗೋ' ಎಂದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಹೆದರಿ ಪವರ್ ಸ್ವಿಚ್ ಒತ್ತಿದವರಿಗಷ್ಟೇ ನಷ್ಟ.

ಡಿಸ್ಕು, ಟೇಪುಗಳನ್ನು ಸರಪಳಿಯಾಗಿ ಯಂತ್ರಕ್ಕೆ ಜೋಡಿಸುವ ಸ್ಕಸಿ ಬಗ್ಗೆ ಪುಸ್ತಕವನ್ನೇ ಬರೆಯಬಹುದು. ಸರಪಳಿಯ ಎರಡೂ ತುದಿಯಲ್ಲಿ ಟರ್ಮಿನೇಟರ್ ಇರಬೇಕು, ನಡುವೆ ಎಲ್ಲೂ ಇರಬಾರದು, ಇಷ್ಟೇ ನಿಯಮ. ಆದರೆ ಒಂದು ತುದಿ ಖಾಲಿ ಬಿಟ್ಟರೆ ಯಂತ್ರ ಕೂಡಲೇ ಸಾಯುವುದಿಲ್ಲ. ಸಂಕೇತಗಳು ತುದಿಗೆ ಬಡಿದು ಮರಳಿ ಬಂದು ಹೊಸ ಸಂಕೇತಗಳ ಜೊತೆ ಕಲೆಸಿಹೋಗುತ್ತವೆ. ಕೆಲಸ ಕಡಿಮೆ ಇದ್ದಾಗ ಎಲ್ಲ ಸರಿ, ಟೇಪಿಗೆ ಬ್ಯಾಕಪ್ ತೆಗೆಯಲು ಕೂತಾಗ ದೋಷಗಳ ಮಳೆ. ಓಕೆ ಪ್ರಾಂಪ್ಟಿನಲ್ಲಿ 'ಪ್ರೋಬ್-ಸ್ಕಸಿ' ಎಂದರೆ ತಂತಿಯ ಮೇಲೆ ಯಾರಿದ್ದಾರೆಂದು ಗೊತ್ತಾಗುತ್ತದೆ. ಒಂದೇ ಡಿಸ್ಕ್ ಎಲ್ಲ ಸಂಖ್ಯೆಗಳಲ್ಲೂ ಕಾಣಿಸಿಕೊಂಡರೆ ಅದರ ಸಂಖ್ಯೆಯನ್ನು ಯಾರೋ 7ಕ್ಕೆ ಇಟ್ಟಿದ್ದಾರೆಂದು ಅರ್ಥ. 7 ಯಂತ್ರದ ಸ್ವಂತ ಸಂಖ್ಯೆ. ಇನ್ನು ಸ್ಪಾರ್ಕ್‌ಸ್ಟೇಷನ್ 1ರಲ್ಲಿ ಮೊದಲ ಡಿಸ್ಕು, ಅಂದರೆ ಎಸ್‌ಡಿ0, ಇರುವುದು ಸ್ಕಸಿ ಸಂಖ್ಯೆ 3ರಲ್ಲಿ. ಸಂಖ್ಯೆ 0ಕ್ಕೆ ಹಾಕಿದ ಡಿಸ್ಕು ಎಸ್‌ಡಿ3 ಆಗುತ್ತದೆ. ಇದೂ ಆ ಬ್ಯಾಟರಿ ಚಿಪ್‌ನಲ್ಲಿ 31204567 ಎಂಬ ಸಾಲಾಗಿ ಬರೆದಿಟ್ಟ ಸಂಗತಿಯೇ. ಸೊಲಾರಿಸ್ 2 ಬಂದಮೇಲೆ ಹೆಸರಿಡುವ ಕ್ರಮ ಬದಲಾಗಿ ಈ ಗೊಂದಲ ಹೋಯಿತು.

ಆ ಕಾಲದ 105 ಎಂಬಿ ಡಿಸ್ಕುಗಳಿಗೆ ಅಂಟುರೋಗ ಇತ್ತು. ಬಹಳ ದಿನ ನಿಂತಿದ್ದರೆ ಓದುವ ತಲೆ ತಟ್ಟೆಗೆ ಅಂಟಿಕೊಂಡು, ಮೋಟಾರಿಗೆ ಅದನ್ನು ಬಿಡಿಸುವ ಶಕ್ತಿ ಸಾಲದು. ಡಿಸ್ಕನ್ನು ಅಂಗೈಯಲ್ಲಿ ಸಮತಟ್ಟಾಗಿ ಹಿಡಿದು ಮಣಿಕಟ್ಟಿನಿಂದ ಥಟ್ಟನೆ ಒಂದು ತಿರುವು ಕೊಡಬೇಕು. ತಿರುಗಿತೆಂದರೆ ಮಾಡಬೇಕಾದದ್ದು ಒಂದೇ, ಎಲ್ಲವನ್ನೂ ನಕಲು ತೆಗೆಯುವುದು. ಎರಡನೆಯ ಅವಕಾಶ ಸಿಗುತ್ತದೆಂಬ ನಂಬಿಕೆ ಬೇಡ.

ನಕಲು ತೆಗೆದ ಫೈಲ್‌ಸಿಸ್ಟಂ ಮುರಿದಿದ್ದರೆ ಬರ್ಕ್ಲಿಯವರಿಗೆ ಕೃತಜ್ಞರಾಗಿರಬೇಕು. ಮಾರ್ಷಲ್ ಕರ್ಕ್ ಮೆಕ್ಯುಸಿಕ್, ಬಿಲ್ ಜಾಯ್ ಮತ್ತು ಜೊತೆಗಾರರು ಕಟ್ಟಿ, 1983ರ 4.2 ಬಿಎಸ್‌ಡಿಯಲ್ಲಿ ಕೊಟ್ಟ ಫಾಸ್ಟ್ ಫೈಲ್‌ಸಿಸ್ಟಂ, ತನ್ನ ಮೂಲ ವಿವರಗಳಿರುವ ಸೂಪರ್‌ಬ್ಲಾಕಿನ ಪ್ರತಿಗಳನ್ನು ಡಿಸ್ಕಿನ ತುಂಬ ಚದುರಿಸಿ ಇಡುತ್ತದೆ. ಆ ಪ್ರತಿಗಳು ಒಂದೇ ತಟ್ಟೆಯ ಮೇಲೆ ಸಾಲಾಗಿ ನಿಲ್ಲದೆ ತಟ್ಟೆಯಿಂದ ತಟ್ಟೆಗೆ ಸುರುಳಿಯಾಗಿ ಇಳಿಯುವ ಹಾಗೆ ಜಾಗ ಗೊತ್ತು ಮಾಡಿದ್ದರು. ಒಂದು ತಟ್ಟೆ ಪೂರ್ತಿ ಹಾಳಾದರೂ ಎಲ್ಲ ಪ್ರತಿಗಳೂ ಹೋಗಬಾರದು ಎಂಬ ಮುಂದಾಲೋಚನೆ ಅದು. ಫೈಲ್‌ಸಿಸ್ಟಂ ಪರೀಕ್ಷಿಸಿ ಸರಿಪಡಿಸುವ ಎಫ್‌ಎಸ್‌ಸಿಕೆ ಮೊದಲ ಸೂಪರ್‌ಬ್ಲಾಕ್ ಕೆಟ್ಟಿದೆ ಎಂದಾಗ 32ನೆಯ ಬ್ಲಾಕಿನಲ್ಲಿರುವ ಪ್ರತಿಯನ್ನು ತೋರಿಸಿದರೆ ಸಾಕು, ಬಹುಮಟ್ಟಿಗೆ ಎಲ್ಲ ಮರಳಿ ಬರುತ್ತದೆ. ಆದರೆ ಇಲ್ಲೂ ಅದೇ ಮಾತು: ಫೈಲ್‌ಸಿಸ್ಟಂ ದಿನವೂ ಮುರಿಯುತ್ತಿದ್ದರೆ ಎಫ್‌ಎಸ್‌ಸಿಕೆ ಬಿಟ್ಟು ಕೇಬಲ್ಲಿನ ತುದಿ ನೋಡಬೇಕು.

ಡಿಸ್ಕೇ ಇಲ್ಲದ ಯಂತ್ರ ಏಳುವುದನ್ನು ನೋಡುವುದು ಈ ಹವ್ಯಾಸದ ಅತಿ ಚೆಂದದ ಭಾಗ. ಮೊದಲು ಆರ್‌ಎಆರ್‌ಪಿ. ಸಿಕ್ಕ ಐಪಿ ವಿಳಾಸವನ್ನು ಹದಿನಾರಂಕಿಗೆ ತಿರುಗಿಸಿ, ಆ ಹೆಸರಿನ ಫೈಲನ್ನು ಟಿಎಫ್‌ಟಿಪಿ ಮೂಲಕ ಕೇಳುತ್ತದೆ: 192.9.200.5 ಆದರೆ ಸಿ009ಸಿ805, ಅದರ ಕೊನೆಗೆ ಚುಕ್ಕಿ ಇಟ್ಟು ಯಂತ್ರದ ಬಗೆಯಾದ ಸನ್4ಸಿ. ಆಮೇಲೆ ಮೂಲ ಫೈಲ್‌ಸಿಸ್ಟಂ ಎಲ್ಲಿದೆ ಎಂದು ಹೇಳುವ ಬೂಟ್‌ಪ್ಯಾರಾಮ್ಸ್, ಆಮೇಲೆ ಎನ್‌ಎಫ್‌ಎಸ್ ಮೂಲಕ ಮೂಲ ಫೈಲ್‌ಸಿಸ್ಟಂ. ಪ್ರತಿ ಹಂತಕ್ಕೂ ಸರ್ವರಿನಲ್ಲಿ ಬೇರೆ ಬೇರೆ ಪ್ರೋಗ್ರಾಂ ಉತ್ತರ ಕೊಡಬೇಕು. ಎಲ್ಲಿ ನಿಂತಿತೋ ಅದರ ಹಿಂದಿನ ಹಂತದವರೆಗೆ ಸರಿಯಿದೆ ಎಂದು ಯಂತ್ರವೇ ಹೇಳಿದ ಹಾಗಾಯಿತು. ಪಕ್ಕದ ಯಂತ್ರದಲ್ಲಿ ನೆಟ್‌ವರ್ಕಿನ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿಟ್ಟರೆ ಕೇಳಿದ್ದು ಯಾರು, ಉತ್ತರಿಸದವರು ಯಾರು ಎಂಬುದು ಸಾಲು ಸಾಲಾಗಿ ಕಾಣುತ್ತದೆ.

ಕ್ಯೂಎಮು ಎಂಬ ಅನುಕರಣ ತಂತ್ರಾಂಶದಲ್ಲಿ ಸ್ಪಾರ್ಕ್‌ಸ್ಟೇಷನ್ 5 ಓಡಿಸಬಹುದು, ಕಲಿಯಲು ಒಳ್ಳೆಯದು. ಆದರೆ ಅಲ್ಲಿ ಬ್ಯಾಟರಿ ಸಾಯುವುದಿಲ್ಲ, ಟರ್ಮಿನೇಟರ್ ಬೇಕಿಲ್ಲ, ಫ್ಯೂಸ್ ಹೋಗುವುದಿಲ್ಲ. ಮೇಲೆ ಹೇಳಿದ ದೋಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲಿಗೆ ಬರಲಾರವು, ಅವುಗಳ ಜೊತೆ ಬರುವ ತಿಳಿವಳಿಕೆಯೂ ಬಾರದು. ನಿಜವಾದ ಯಂತ್ರವೇ ಕೈಗೆ ಸಿಕ್ಕವರಿಗೆ ನೆಟ್‌ಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ವ್ಯವಸ್ಥೆ ಈಗಲೂ ಈ ಹಳೆಯ ಸ್ಪಾರ್ಕ್‌ಗಳನ್ನು, ಅವಕ್ಕಿಂತ ಹಿಂದಿನ ಮೋಟೊರೋಲಾ ಪ್ರೊಸೆಸರಿನ ಸನ್-2, ಸನ್-3ಗಳನ್ನೂ ಕೈಬಿಟ್ಟಿಲ್ಲ. ಹಳೆಯ ಡಿಸ್ಕಿನ ಬದಲು ಮೆಮೊರಿ ಕಾರ್ಡ್ ಹಾಕುವ ಸ್ಕಸಿ ಬೋರ್ಡುಗಳನ್ನು ನಾನು ವಿರೋಧಿಸುವುದಿಲ್ಲ; ಮೂಲ ಡಿಸ್ಕಿನ ನಕಲು ತೆಗೆದು, ಆ ಡಿಸ್ಕಿಗೆ ವಿಶ್ರಾಂತಿ ಕೊಟ್ಟ ಮೇಲೆ ಹಾಕಿ.

ಯಾವುದಕ್ಕೂ ಮುಂಚೆ, ನಿಮ್ಮ ಯಂತ್ರದ ಬ್ಯಾಟರಿಯಲ್ಲಿ ಇನ್ನೂ ಜೀವ ಇದ್ದರೆ, ಓಕೆ ಪ್ರಾಂಪ್ಟಿನಲ್ಲಿ 'ಬ್ಯಾನರ್' ಎಂದು ಟೈಪ್ ಮಾಡಿ. ಈಥರ್ನೆಟ್ ವಿಳಾಸ ಮತ್ತು ಹೋಸ್ಟ್‌ಐಡಿ ಪರದೆಯ ಮೇಲೆ ಬರುತ್ತವೆ. ಅವೆರಡನ್ನೂ ಪೆನ್ಸಿಲಿನಿಂದ ಕಾಗದದಲ್ಲಿ ಬರೆದು, ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿ. ಆಮೇಲೆ ಅರ, ಬೆಸುಗೆ ಕಡ್ಡಿ ಕೈಗೆತ್ತಿಕೊಳ್ಳಿ.