ಒಡ್ಡು ಒಡೆದ ಕಥೆ ಹೇಳುವ ಎರಡು ಸಾಕ್ಷ್ಯಚಿತ್ರಗಳು

ಹೊಳೆಯ ದಂಡೆಯಲ್ಲಿ ಬಾಳುವವರಿಗೆ ಪ್ರವಾಹದ ಚಿತ್ರವನ್ನು ತೋರಿಸಹೊರಡುವುದು ಒಂದರ್ಥದಲ್ಲಿ ಅನಾವಶ್ಯಕವಾದ ಕಾರ್ಯ. ಮೇಲವಂಕಿಯ ಕಡೆಯವರಿಗಾಗಲಿ, ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಸದ್ಭಕ್ತರಿಗಾಗಲಿ 2019ರ ಆಗಸ್ಟ್ ತಿಂಗಳನ್ನು ಯಾರೂ ನೆನಪಿಸಿಕೊಡಬೇಕಾಗಿಲ್ಲ. ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ಮೂರೂ ಏಕಕಾಲಕ್ಕೆ ಉಕ್ಕಿದ ಆ ದಿನಗಳಲ್ಲಿ ಲೋಳಸೂರ ಸೇತುವೆ ನೀರಿನಡಿ ಸೇರಿತು. ಗೋಕಾಕದ ಎಷ್ಟೋ ಓಣಿಗಳು ಜಲಾವೃತವಾದವು. ಹಾಗಿದ್ದೂ ಪರದೇಶದ ಎರಡು ಸಾಕ್ಷ್ಯಚಿತ್ರಗಳನ್ನು ವಾಚಕರ ಮುಂದಿಡಲು ಮನಸ್ಸು ಮಾಡಿದ್ದೇನೆ. ಅವು ಬರಿಯ ಪ್ರವಾಹದ ಚಿತ್ರಗಳಲ್ಲ, ಒಡ್ಡು ಒಡೆದ ಚಿತ್ರಗಳು. ಮಳೆಯನ್ನು ಮನುಷ್ಯ ಮಾಡಲಾರ. ಒಡ್ಡನ್ನು ಮನುಷ್ಯನೇ ಕಟ್ಟುತ್ತಾನೆ. 51 ಟಿಎಂಸಿ ನೀರು ಹಿಡಿಯುವ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯದ ಕೆಳಗೆ ಉಳುಮೆ ಮಾಡಿ ಉಣ್ಣುವ ನಮಗೆ ಈ ಭೇದ ತಿಳಿದಿರುವುದು ಒಳಿತು.

ಮೊದಲನೆಯದು 'ದಿ ಜಾನ್ಸ್‌ಟೌನ್ ಫ್ಲಡ್'. ಅಮೆರಿಕದ ಚಾರ್ಲ್ಸ್ ಗುಗ್ಗೆನ್‌ಹೈಮ್ 1989ರಲ್ಲಿ ನಿರ್ಮಿಸಿದ 26 ನಿಮಿಷಗಳ ಚಿತ್ರ. ಕಿರು ಸಾಕ್ಷ್ಯಚಿತ್ರಕ್ಕೆ ಕೊಡುವ ಆಸ್ಕರ್ ಪ್ರಶಸ್ತಿ ಇದಕ್ಕೆ ಸಂದಿತು. ಜಾನ್ಸ್‌ಟೌನ್ ಪೆನ್ಸಿಲ್ವೇನಿಯಾ ಪ್ರಾಂತದ ಉಕ್ಕಿನ ಕಾರ್ಖಾನೆಗಳ ಊರು. ಅದಕ್ಕೆ ಸುಮಾರು 22 ಕಿಲೋಮೀಟರ್ ಮೇಲೆ, ಸೌತ್ ಫೋರ್ಕ್ ಎಂಬಲ್ಲಿ, 72 ಅಡಿ ಎತ್ತರದ ಮಣ್ಣಿನ ಒಡ್ಡು. ದೋಣಿ ಸಂಚಾರದ ಕಾಲುವೆಗೆ ನೀರೊದಗಿಸಲು ಅಲ್ಲಿಯ ಸರಕಾರ ಕಟ್ಟಿಸಿದ್ದು. ರೈಲು ಬಂದ ಮೇಲೆ ಕಾಲುವೆ ನಿರುಪಯುಕ್ತವಾಗಿ, ಒಡ್ಡು ಕೈಯಿಂದ ಕೈಗೆ ಮಾರಾಟವಾಗುತ್ತ ಕೊನೆಗೆ ಪಿಟ್ಸ್‌ಬರ್ಗಿನ ಶ್ರೀಮಂತರ ಮೀನುಬೇಟೆಯ ಕ್ಲಬ್ಬಿಗೆ ಸೇರಿತು. ಆಂಡ್ರೂ ಕಾರ್ನೆಗಿ, ಹೆನ್ರಿ ಫ್ರಿಕ್ ಮೊದಲಾದ ಕುಬೇರರು ಅದರ ಸದಸ್ಯರು.

ಅಲ್ಲಿ ನಡೆದುದನ್ನು ನಮ್ಮ ಕೆರೆಯ ಮಾತಿನಲ್ಲಿಯೇ ಹೇಳಬಹುದು. ಹಿಂದಿನ ಒಡೆಯನೊಬ್ಬ ತೂಬಿನ ಕಬ್ಬಿಣದ ಕೊಳವೆಗಳನ್ನು ಕಿತ್ತು ಮಾರಿದ್ದ. ಹೊಸ ಒಡೆಯರು ಮತ್ತೆ ಹಾಕಿಸಲಿಲ್ಲ. ಗಾಡಿ ಹಾಯಲೆಂದು ಏರಿಯ ತಲೆಯನ್ನು ತಗ್ಗಿಸಿದರು. ಮೀನು ತಪ್ಪಿಸಿಕೊಳ್ಳದಿರಲೆಂದು ಕೋಡಿಗೆ ಜಾಲರಿ ಕಟ್ಟಿದರು. ಮಳೆಯಲ್ಲಿ ತೇಲಿಬಂದ ಕಸಕಡ್ಡಿ ಆ ಜಾಲರಿಗೆ ಮೆತ್ತಿಕೊಂಡಿತು. ತೂಬಿಲ್ಲ, ಕೋಡಿ ಕಟ್ಟಿದೆ, ಏರಿ ತಗ್ಗಾಗಿದೆ: ಮುಂದಿನದನ್ನು ಯಾವ ನೀರಗಂಟಿಯನ್ನು ಕೇಳಿದರೂ ಹೇಳಿಯಾನು. 1889ರ ಮೇ 31ರ ಮಧ್ಯಾಹ್ನ ನೀರು ಏರಿಯನ್ನು ಹತ್ತಿ ಹರಿದು ಒಡ್ಡು ಒಡೆಯಿತು. ಮೃತರು 2,209 ಮಂದಿ. ಕೊಚ್ಚಿ ಬಂದ ಮನೆ ಮರಗಳ ರಾಶಿ ರೈಲಿನ ಕಲ್ಲುಸೇತುವೆಗೆ ಸಿಕ್ಕಿ, ಆ ರಾಶಿಗೆ ಬೆಂಕಿಯೂ ಹತ್ತಿತು. ಏಳುನೂರಕ್ಕೂ ಮಿಕ್ಕಿ ದೇಹಗಳ ಗುರುತು ಕೊನೆಗೂ ಸಿಗಲಿಲ್ಲ. ಕ್ಲಬ್ಬು ಮಾತ್ರ ನ್ಯಾಯಾಲಯದಲ್ಲಿ ಯಾರಿಗೂ ಪರಿಹಾರ ತೆರಬೇಕಾಗಿ ಬರಲಿಲ್ಲ.

ಚಲಿಸುವ ಚಿತ್ರವನ್ನು ತೆಗೆಯುವ ಯಂತ್ರ ಆ ಕಾಲಕ್ಕೆ ಬಳಕೆಗೆ ಬಂದಿರಲಿಲ್ಲ. ದುರಂತ ನಡೆದು ನೂರು ವರ್ಷಕ್ಕೆ, ಅಲ್ಲಿಯ ಪ್ರವಾಹ ಸಂಗ್ರಹಾಲಯಕ್ಕೆಂದು, ಹಳೆಯ ನಿಶ್ಚಲ ಛಾಯಾಚಿತ್ರಗಳ ಆಧಾರದ ಮೇಲೆ ಈ ಚಿತ್ರವನ್ನು ಕಟ್ಟಬೇಕಾಯಿತು. ಆ ಕೆಲಸದಲ್ಲಿ ಗುಗ್ಗೆನ್‌ಹೈಮ್ ಸಿದ್ಧಹಸ್ತರು. ಆದರೆ ಚಿತ್ರ ಮುಗಿದಾಗ ನನ್ನೊಳಗೆ ಉಳಿದದ್ದು ಒಂದು ಬಗೆಯ ಶ್ರದ್ಧಾಂಜಲಿಯ ಭಾವ. ಸತ್ತವರೂ ಇಲ್ಲ, ತಪ್ಪು ಮಾಡಿದವರೂ ಇಲ್ಲ, ಉತ್ತರ ಹೇಳಬೇಕಾದವರು ಯಾರೂ ಉಳಿದಿಲ್ಲ. ನೂರು ವರ್ಷಗಳ ಅಂತರದಲ್ಲಿ ಅಪರಾಧ ಕೂಡ ಇತಿಹಾಸವಾಗಿಬಿಡುತ್ತದೆ. ಪ್ರೇಕ್ಷಕ ಕಣ್ಣೊರೆಸಿಕೊಂಡು ನಿಶ್ಚಿಂತೆಯಿಂದ ಎದ್ದುಹೋಗುತ್ತಾನೆ. ಆ ನಿಶ್ಚಿಂತೆಯ ಬಗೆಗೇ ನನ್ನ ಆಕ್ಷೇಪ.

ಎರಡನೆಯ ಚಿತ್ರಕ್ಕೆ ಪ್ರಶಸ್ತಿಯ ಆ ಮೆರಗಿಲ್ಲ. ಕಪ್ಪು ಬಿಳುಪಿನದು, ಸುಮಾರು 40 ನಿಮಿಷದ್ದು. ಕೆಂಟಕಿಯ ಗುಡ್ಡಗಾಡಿನ ಆಪಲ್‌ಶಾಪ್ ಎಂಬ ಸಂಸ್ಥೆಯಿಂದ ಮಿಮಿ ಪಿಕರಿಂಗ್ ಎಂಬ ಮಹಿಳೆ 1975ರಲ್ಲಿ ನಿರ್ಮಿಸಿದರು. ಹೆಸರು 'ದಿ ಬಫಲೋ ಕ್ರೀಕ್ ಫ್ಲಡ್: ಆ್ಯನ್ ಆ್ಯಕ್ಟ್ ಆಫ್ ಮ್ಯಾನ್'. ಮನುಷ್ಯನ ಕೃತ್ಯ ಎಂಬುದು ಆ ಶೀರ್ಷಿಕೆಯ ಉತ್ತರಾರ್ಧದ ಅರ್ಥ. ಚಿತ್ರದ ವಾದವೆಲ್ಲ ಅಷ್ಟರಲ್ಲೇ ಇದೆ.

ವೆಸ್ಟ್ ವರ್ಜೀನಿಯಾದ ಒಂದು ಇಕ್ಕಟ್ಟಾದ ಕಣಿವೆ ಅದು. ಪಿಟ್ಸ್‌ಟನ್ ಎಂಬ ಕಲ್ಲಿದ್ದಲ ಕಂಪನಿಗೆ ಸೇರಿದ ಗಣಿಯವರು ಉಪಯೋಗಕ್ಕೆ ಬಾರದ ಕಲ್ಲು ಮಣ್ಣನ್ನು ಹಳ್ಳಕ್ಕೆ ಅಡ್ಡಲಾಗಿ ಸುರಿಯುತ್ತ ಬಂದರು. ಕಲ್ಲಿದ್ದಲು ತೊಳೆದ ಕರಿಯ ನೀರು ಅದರ ಹಿಂದೆ ನಿಂತಿತು. ಕಸದ ಗುಡ್ಡೆಯೇ ಒಡ್ಡಾಯಿತು. ಸರಿಯಾದ ಕೋಡಿ ಕೂಡ ಅದಕ್ಕಿರಲಿಲ್ಲ. ಗಣಿಗಳ ಪರೀಕ್ಷಕರೊಬ್ಬರು ಅದನ್ನು ನೋಡಿ ತೃಪ್ತಿಕರವೆಂದು ಬರೆದ ನಾಲ್ಕೇ ದಿನಕ್ಕೆ, 1972ರ ಫೆಬ್ರುವರಿ 26ರ ಬೆಳಗ್ಗೆ, ಅದು ಕುಸಿದು 13 ಕೋಟಿಗೂ ಹೆಚ್ಚು ಗ್ಯಾಲನ್ ನೀರು ಕಣಿವೆಗೆ ಇಳಿಯಿತು. 125 ಜನ ಸತ್ತರು. ಕಣಿವೆಯ ಐದು ಸಾವಿರ ಜನರಲ್ಲಿ ನಾಲ್ಕು ಸಾವಿರದಷ್ಟು ಜನ ಮನೆ ಕಳೆದುಕೊಂಡರು. ಕಂಪನಿಯವರು ಇದನ್ನು ದೈವಕೃತ್ಯವೆಂದು ಕರೆದರು.

ಪಿಕರಿಂಗ್ ಮಾಡಿದ್ದು ಬಹಳ ಸರಳವಾದ ಕೆಲಸ. ಬದುಕುಳಿದವರನ್ನು ಕೂಡಿಸಿ ಮಾತನಾಡಿಸಿದರು, ಕಾರ್ಮಿಕ ಸಂಘದವರನ್ನು ಮಾತನಾಡಿಸಿದರು, ಕಂಪನಿಯ ಅಧಿಕಾರಿಗಳನ್ನೂ ಮಾತನಾಡಿಸಿದರು. ಆ ಮಾತುಗಳ ಮಗ್ಗುಲಿಗೆ ಹಾಳಾದ ಕಣಿವೆಯ ದೃಶ್ಯಗಳನ್ನಿಟ್ಟರು. ನಮ್ಮ ಭಾಷೆಯಲ್ಲಿ ಇಂಥ ಚಿತ್ರಕ್ಕೆ ಸಾಕ್ಷ್ಯಚಿತ್ರವೆಂದು ಹೆಸರಿಟ್ಟವರು ಯಾರೋ ತಿಳಿದವರೇ ಇರಬೇಕು. ಸಾಕ್ಷಿ ನುಡಿಯುವವನು ಎದುರಾಳಿಯ ಸಮಕ್ಷಮದಲ್ಲಿ ನುಡಿಯಬೇಕು. ಮೊದಲ ಚಿತ್ರದಲ್ಲಿ ಎದುರಾಳಿ ಎಂದೋ ತೀರಿಹೋಗಿದ್ದಾನೆ. ಇಲ್ಲಿ ಎದುರಿಗೇ ಕುಳಿತಿದ್ದಾನೆ. ಗಣಿಯನ್ನೇ ಕಾಣದ ನಮ್ಮವರಿಗೆ ಚಿತ್ರ ಕೆಲವೆಡೆ ತಡೆದೀತು, ಕಲ್ಲಿದ್ದಲ ಕಸ ಒಡ್ಡಾದ ಬಗೆಯನ್ನು ಇನ್ನಷ್ಟು ಬಿಡಿಸಿ ಹೇಳಬಹುದಿತ್ತು ಎನಿಸೀತು. ಆದರೂ ಎರಡರಲ್ಲಿ ದೊಡ್ಡ ಚಿತ್ರ ಇದೇ. ಅಮೆರಿಕದವರು ಕಾಪಾಡಿಕೊಳ್ಳಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ 2005ರಲ್ಲಿ ಇದನ್ನು ಸೇರಿಸಿದರು.

ಆ ದೈವಕೃತ್ಯ ಎಂಬ ಮಾತಿನ ಬಳಿ ವಾಚಕರು ಒಂದು ಗಳಿಗೆ ನಿಲ್ಲಬೇಕು. ದೇವರನ್ನು ನಂಬದವನಿಗೆ ಅದು ಬರಿಯ ವಕೀಲರ ಭಾಷೆ. ನಂಬಿದವರಾದ ನಮಗೆ ಅದು ಹೆಚ್ಚು ನೋಯಿಸಬೇಕು. ತನ್ನ ಕಾಯಕದಲ್ಲಿ ತಪ್ಪಿದವನು ಆ ಲೋಪವನ್ನು ದೇವರ ಹೆಸರಿಗೆ ಬರೆದಿಟ್ಟರೆ ಅದು ಭಕ್ತಿಯಾದೀತೆ? ಹೊಳೆ ಬಂದಾಗ ಗಂಗವ್ವ ಮುನಿದಳೆಂದು ಕೈಮುಗಿಯುವ ಮುದುಕಿಯ ಮಾತು ಬೇರೆ, ಕಂಪನಿಯ ಮಾತು ಬೇರೆ. ಮುದುಕಿ ಆ ಮಾತಿನಿಂದ ಯಾವ ಲಾಭವನ್ನೂ ಪಡೆಯುವುದಿಲ್ಲ.

ಪಿಕರಿಂಗ್ 1984ರಲ್ಲಿ ಅದೇ ಕಣಿವೆಗೆ ಮರಳಿ 'ಬಫಲೋ ಕ್ರೀಕ್ ರಿವಿಸಿಟೆಡ್' ಎಂಬ ಇನ್ನೊಂದು ಚಿಕ್ಕ ಚಿತ್ರವನ್ನು ನಿರ್ಮಿಸಿದರು. ನಿರಾಶ್ರಿತರನ್ನು ಗಾಲಿಮನೆಗಳ ಶಿಬಿರಗಳಲ್ಲಿ ಇರಿಸುವಾಗ ನೆರೆಹೊರೆಯ ಸಂಬಂಧವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಹಳೆಯ ಊರಿನ ಬದುಕನ್ನು ಮತ್ತೆ ಕಟ್ಟಿಕೊಳ್ಳಬೇಕೆಂದವರ ಆಸೆ ಹೇಗೆ ಕೈಗೂಡಲಿಲ್ಲವೆಂಬುದು ಅದರ ವಸ್ತು. ಹೊಳೆದಂಡೆಯ ಊರುಗಳ ಸ್ಥಳಾಂತರದ ಮಾತು ಬಂದಾಗಲೆಲ್ಲ ನನಗೆ ಈ ಮೂರನೆಯ ಚಿತ್ರದ ನೆನಪಾಗುತ್ತದೆ.

ಇಂಥದು ನಮ್ಮ ದೇಶಕ್ಕೆ ಹೊಸದೂ ಅಲ್ಲ, ದೂರದ್ದೂ ಅಲ್ಲ. 1961ರ ಜುಲೈ 12ರಂದು ಇನ್ನೂ ಕೆಲಸ ಮುಗಿಯದ ಪಾನಶೇತ ಒಡ್ಡು ಒಡೆದು, ಅದರ ಹಿಂದೆಯೇ ಖಡಕವಾಸಲಾ ಒಡ್ಡೂ ಒಡೆದು ಪುಣೆ ಮುಳುಗಿತು. 1979ರ ಆಗಸ್ಟ್ 11ರಂದು ಗುಜರಾತಿನಲ್ಲಿ ಮಚ್ಛು ನದಿಯ ಎರಡನೆಯ ಒಡ್ಡು ಒಡೆದು ಮೋರಬಿ ಪಟ್ಟಣ ಕೊಚ್ಚಿಹೋಯಿತು. ಅಲ್ಲಿ ಸತ್ತವರೆಷ್ಟೆಂಬ ಲೆಕ್ಕದಲ್ಲಿಯೇ ಇಂದಿಗೂ ಒಮ್ಮತವಿಲ್ಲ, ನೇಮಿಸಿದ ವಿಚಾರಣಾ ಆಯೋಗವನ್ನು ವರದಿ ಬರುವ ಮೊದಲೇ ಮುಗಿಸಿಬಿಟ್ಟರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋದಾಗ ದೂರದರ್ಶನದವರು ಹಗಲಿರುಳು ತೋರಿಸಿದ್ದು ಭೋರ್ಗರೆವ ನೀರನ್ನು. ವಾರದೊಳಗೆ ಹರಿಯುವ ನೀರಿನಲ್ಲಿಯೇ ತಡೆಹಲಗೆ ಇಳಿಸಿದ ಕೆಲಸಗಾರರ ಮುಖಗಳನ್ನು ತೋರಿಸಿದ್ದು ಅಷ್ಟಕ್ಕಷ್ಟೆ. ಆ ಸರಪಳಿಯನ್ನು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ ಎಂಬ ಪ್ರಶ್ನೆ ನೀರಿನ ಸದ್ದಿನಲ್ಲಿ ಮುಳುಗಿತು.

2019ರದ್ದೂ ಹೀಗೆಯೇ. ಆಗ ಹಿಡಕಲ್ಲಿನ ಒಡ್ಡು ಒಡೆಯಲಿಲ್ಲ, ಶಿವನ ಕೃಪೆ. ಆದರೆ ಆ ದಿನಗಳಿಂದ ನಮ್ಮ ಮೊಬೈಲುಗಳಲ್ಲಿ ಉಳಿದಿರುವುದು ಬಹುಪಾಲು ಸೇತುವೆಯ ಮೇಲೆ ಹರಿವ ನೀರಿನ ತುಣುಕುಗಳು. ಗೇಟು ತೆರೆದದ್ದು ಎಷ್ಟು ಗಂಟೆಗೆ, ಸುದ್ದಿ ಯಾವ ಊರಿಗೆ ಯಾವಾಗ ಮುಟ್ಟಿತು, ಡಂಗುರ ಕೇಳಿ ದನ ಬಿಚ್ಚಿದವರಾರು, ಕೇಳಿಸದೆ ಉಳಿದವರಾರು ಎಂಬುದನ್ನು ಹೇಳಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ. ಪಿಕರಿಂಗ್ ಮೂರು ವರ್ಷದೊಳಗೆ ಈ ಕೆಲಸ ಮುಗಿಸಿದರು. ನಾವು ಆಗಲೇ ಅದರ ಇಮ್ಮಡಿ ಕಾಲವನ್ನು ಕಳೆದಿದ್ದೇವೆ. ಪ್ರಸಾದನಿಲಯದಲ್ಲಿ ಉಂಡು ಓದಿ ಇಂದು ಕ್ಯಾಮೆರಾ ಹಿಡಿದಿರುವ ನಮ್ಮ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿದ್ದರೆ, ಅವರು ಮೊದಲು ಬಫಲೋ ಕ್ರೀಕಿನ ಚಿತ್ರವನ್ನು ನೋಡಲಿ. ದಾಸೋಹದ ಸಭಾಂಗಣದಲ್ಲಿ ಒಂದು ಸಂಜೆ ಅದನ್ನು ತೋರಿಸುವುದೂ ಸಾಧ್ಯ. ಮಾತೆಲ್ಲ ಇಂಗ್ಲಿಷಿನಲ್ಲಿದೆ; ಪರದೆಯ ಪಕ್ಕದಲ್ಲಿ ಒಬ್ಬರು ನಿಂತು ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಾದೀತು. 40 ನಿಮಿಷದ ಚಿತ್ರಕ್ಕೆ ಒಂದೂವರೆ ತಾಸು ಹಿಡಿದೀತು.