ಉದ್ಯಾವರ ಹೊಳೆಯ ಒಂದು ಬಾಟಲಿ ನೀರು

ವಿಧಿವಿಜ್ಞಾನದ ಸ್ನಾತಕೋತ್ತರ ವ್ಯಾಸಂಗಕ್ಕೆ ನಮ್ಮ ಸೀಮೆಯಲ್ಲಿ ಈಚೆಗೆ ಪ್ರಾಪ್ತವಾಗಿರುವ ಕೀರ್ತಿಯ ಕಾರಣಗಳು ಓದುಗರಿಗೆ ತಿಳಿದವೇ ಆಗಿವೆ: 2016ರಲ್ಲಿ ಉಡುಪಿಯ ಉದ್ಯಮಿಯೊಬ್ಬರನ್ನು ಕೊಂದು, ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ ಹೋಮಕುಂಡದೊಳಗೆ ದೇಹವನ್ನು ಸುಟ್ಟು, ಅವಶೇಷಗಳನ್ನು ಹೊಳೆಯ ಪಾಲು ಮಾಡಿದ ಪ್ರಕರಣ, 2024ರ ಜುಲೈ 1ರಿಂದ ಜಾರಿಗೆ ಬಂದು, ಏಳು ವರ್ಷ ಅಥವಾ ಅದಕ್ಕೂ ಮಿಗಿಲಾದ ಶಿಕ್ಷೆಯ ಅಪರಾಧಗಳಲ್ಲಿ ತಜ್ಞನೇ ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದು ವಿಧಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು, ಧಾರವಾಡಕ್ಕೆ ಬಂದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರ. ಈ ಕೀರ್ತಿಯೆಲ್ಲ ಯಂತ್ರಗಳ ಸುತ್ತ ಹೆಣೆದುಕೊಂಡಿದೆ. ಯಂತ್ರದ ಬಾಯಿಗೆ ವಸ್ತುವನ್ನು ಒಯ್ಯುವ ಕೈಗೆ ಅದರಲ್ಲಿ ಪಾಲಿಲ್ಲ. ಈ ವ್ಯಾಸಂಗವನ್ನು ನಾನು ಅಳೆಯಹೊರಟಿರುವುದು ಆ ಕೈಯಿಂದಲೇ.

ನೀರಿನಲ್ಲಿ ಮುಳುಗಿ ಸತ್ತವರ ಮಜ್ಜೆಯಲ್ಲಿ ಡಯಾಟಂ ಪತ್ತೆಮಾಡುವ ವಿಧಾನವನ್ನು ಕುರಿತ ಸ್ನಾತಕೋತ್ತರ ಕಿರುಪ್ರಬಂಧವೊಂದು ನನ್ನ ಕೈಸೇರಿತ್ತು. ವಿಷಯ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಸಿಲಿಕಾದ ಚಿಪ್ಪುಳ್ಳ ಈ ಏಕಕೋಶ ಪಾಚಿ, ಮುಳುಗುವವನು ಎಳೆದ ನೀರಿನೊಡನೆ ಶ್ವಾಸಕೋಶವನ್ನು ಹೊಕ್ಕು, ಅಲ್ಲಿಂದ ರಕ್ತಕ್ಕಿಳಿದು, ಹೃದಯ ಇನ್ನೂ ಬಡಿಯುತ್ತಿದ್ದರೆ ಮಾತ್ರ ತೊಡೆಯೆಲುಬಿನ ಮಜ್ಜೆಯವರೆಗೆ ತಲುಪೀತು. ಕೊಂದು ಎಸೆದ ಹೆಣದಲ್ಲಿ ಅಷ್ಟು ದೂರ ಹೋಗಲಾರದು ಎಂಬುದು ಪರೀಕ್ಷೆಯ ತರ್ಕ. ಮಜ್ಜೆಯನ್ನು ಸಾಂದ್ರ ನೈಟ್ರಿಕ್ ಆಮ್ಲದಲ್ಲಿ ಕಾಯಿಸುವಾಗ ಕಂದುಹೊಗೆ ಏಳುವುದು, ಮಾಂಸಾಂಶವೆಲ್ಲ ಕರಗಿ ತಳದಲ್ಲಿ ಮಸುಕು ಗಸಿ ಉಳಿಯುವುದು, ಅದನ್ನು ಮತ್ತೆಮತ್ತೆ ತೊಳೆದು ಗಾಜಿನ ಮೇಲೆ ಹರಡಿದರೆ ದೋಣಿಯಾಕಾರದ, ಚಕ್ರಾಕಾರದ ಗೆರೆಗೆರೆಯ ಚಿಪ್ಪುಗಳು ಕಾಣಿಸಿಕೊಳ್ಳುವುದು, ಇವನ್ನೆಲ್ಲ ಬರೆದವರು ಹನ್ನೊಂದು ಪುಟಗಳಲ್ಲಿ, ಮೆಚ್ಚತಕ್ಕ ಶ್ರದ್ಧೆಯಿಂದ ವಿವರಿಸಿದ್ದಾರೆ. ಮಜ್ಜೆಯಲ್ಲಿ ಸಿಕ್ಕ ಚಿಪ್ಪುಗಳನ್ನು ಹೋಲಿಸಿ ನೋಡಲು ಬೇಕಾದ ನೀರಿನ ಬಗ್ಗೆ ಇರುವುದು ಒಂದೇ ಸಾಲು: ನೀರನ್ನು ಹೊಳೆಯಿಂದ ತರಲಾಯಿತು.

ಎಂದು? ಯಾವ ಹೊತ್ತಿನಲ್ಲಿ? ಭರತದಲ್ಲೋ ಇಳಿತದಲ್ಲೋ? ಉದ್ಯಾವರ ಹೊಳೆಯ ಅಳಿವೆಯನ್ನು ಬಲ್ಲವರಿಗೆ ಈ ಪ್ರಶ್ನೆಗಳು ಕ್ಷುಲ್ಲಕವಲ್ಲ. ಆಷಾಢದ ನೆರೆಯಲ್ಲಿ ಸಿಹಿಯಾಗಿ ಹರಿಯುವ ಅದೇ ನೀರು ಚೈತ್ರ ವೈಶಾಖಗಳಲ್ಲಿ ಒಳನಾಡಿನವರೆಗೆ ಉಪ್ಪಾಗುತ್ತದೆ. ನೀರಿನ ಉಪ್ಪು ಬದಲಾದಂತೆ ಅದರಲ್ಲಿ ಬಾಳುವ ಡಯಾಟಂಗಳ ಜಾತಿಯೂ ಬದಲಾಗುತ್ತದೆ. ಕಾರ್ಕಳದ ಕಲ್ಲಿನ ಕೋರೆಯಲ್ಲಿ ನಿಂತ ಮಳೆನೀರಿನ ಸಂಗತಿಯೇ ಬೇರೆ. ಮೇಲಾಗಿ ಮಳೆಗಾಲದಲ್ಲಿ ಕಡಲಿನ ಪ್ರವಾಹ ನಮ್ಮ ಕರೆಯುದ್ದಕ್ಕೂ ತೆಂಕಣಕ್ಕೆ ಸಾಗುವುದರಿಂದ, ಅಳಿವೆಯಲ್ಲಿ ಬಿದ್ದ ದೇಹ ಮೂರು ದಿನಗಳ ಮೇಲೆ ಕಾಪುವಿನ ದಡಕ್ಕೆ ಬಂದು ಬೀಳಬಹುದು. ಆಗ ಹೆಣ ಸಿಕ್ಕಿದ ಸ್ಥಳದ ನೀರನ್ನು ತುಂಬಿಕೊಂಡು ಹೋದ ತನಿಖಾಧಿಕಾರಿಯೂ, ಅದನ್ನು ಹೋಲಿಸಿ ನೋಡಿದ ತಜ್ಞನೂ, ಇಬ್ಬರೂ ಪ್ರಾಮಾಣಿಕರಾಗಿದ್ದು ಇಬ್ಬರೂ ತಪ್ಪುತ್ತಾರೆ. ಈ ಸೆಳೆತವನ್ನು ಬಲ್ಲ ಮೊಗವೀರನನ್ನು ಆ ಪ್ರಬಂಧದ ಕರ್ತೃ ಕೇಳಿದಂತೆ ಕಾಣಲಿಲ್ಲ.

ಇಲ್ಲಿ ನನ್ನನ್ನು ತಡೆಯುವ ವಿಮರ್ಶಕರಿದ್ದಾರೆ. ಡಯಾಟಂ ಪರೀಕ್ಷೆಯೇ ವಿಶ್ವಾಸಾರ್ಹವಲ್ಲ, ಮುಳುಗದೆ ಸತ್ತವರ ಅಂಗಗಳಲ್ಲೂ ಚಿಪ್ಪುಗಳು ಸಿಕ್ಕಿವೆ, ಪ್ರಯೋಗಾಲಯದ ನಲ್ಲಿನೀರಿನಿಂದಲೂ ಗಾಜಿನ ಪಾತ್ರೆಗಳಿಂದಲೂ ಅವು ಬಂದು ಸೇರುತ್ತವೆ. ಆದುದರಿಂದ ಇದನ್ನು ಪಾಠಕ್ರಮದಿಂದ ಕಿತ್ತು ಆ ವೇಳೆಯನ್ನು ಡಿಎನ್‌ಎಗೆ ಕೊಡಿ ಎಂಬುದು ಅವರ ವಾದ. ಅವರು ಮುಂದಿಡುವ ಸಂಗತಿಗಳನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪಲಾರೆ. ಅವರ ಆಕ್ಷೇಪವನ್ನು ನಾನೇ ಇನ್ನಷ್ಟು ಹರಿತಗೊಳಿಸಿ ಕೊಡಬಲ್ಲೆ: ನಮ್ಮ ಹೊಳೆಬದಿಯ ಜನ ಮರುವಾಯಿ ತಿನ್ನುವವರು, ಮರುವಾಯಿ ಡಯಾಟಂಗಳನ್ನು ಸೋಸಿ ತಿಂದು ಬದುಕುವ ಜೀವಿ, ಹಿಂದಿನ ರಾತ್ರಿ ಅದೇ ಹೊಳೆಯ ಮರುವಾಯಿ ಉಂಡವನ ದೇಹದಲ್ಲಿ ಅದೇ ಹೊಳೆಯ ಚಿಪ್ಪು ದೊರೆತರೆ ಏನು ಹೇಳೋಣ? ಇದಕ್ಕೆ ಉತ್ತರ ಬೇಕಾದರೆ, ಇದೇ ಊಟ ಉಂಡು ಬೇರೆ ಕಾರಣದಿಂದ ಸತ್ತವರ ಮಜ್ಜೆಯಲ್ಲಿ ಎಷ್ಟು ಚಿಪ್ಪುಗಳಿರುತ್ತವೆಂಬ ಲೆಕ್ಕ ಇರಬೇಕು. 1953ರಲ್ಲಿ ಟಿ.ಎಂ.ಎ. ಪೈಯವರು ಕಟ್ಟಿದ ವೈದ್ಯಕೀಯ ಕಾಲೇಜು, ಅದರ ನ್ಯಾಯವೈದ್ಯಶಾಸ್ತ್ರ ವಿಭಾಗ ಮಣಿಪಾಲದ ಗುಡ್ಡದ ಮೇಲಿರುವಾಗ, ಕಡಲು ಕೆಲವೇ ಮೈಲಿಗಳಾಚೆ ಇರುವಾಗ, ಇಂಥ ಲೆಕ್ಕಕ್ಕೆ ಇದಕ್ಕಿಂತ ಅನುಕೂಲವಾದ ಸ್ಥಳವನ್ನು ನಾನರಿಯೆ. ಡಿಎನ್‌ಎ ಸತ್ತವನು ಯಾರೆಂಬುದನ್ನು ಹೇಳೀತು. ನೀರಿಗೆ ಬಿದ್ದಾಗ ಅವನಿಗೆ ಉಸಿರಿತ್ತೇ ಎಂಬುದನ್ನು ಹೇಳದು. ಗಂಡನ ಮನೆಯ ಬಾವಿಯಲ್ಲಿ ಮಗಳ ಹೆಣ ಕಂಡ ತಾಯಿ ಕೇಳುವುದು ಈ ಎರಡನೆಯ ಪ್ರಶ್ನೆಯನ್ನು.

ಎರಡು ವರ್ಷಗಳ ವ್ಯಾಸಂಗದಲ್ಲಿ ಇಪ್ಪತ್ತನಾಲ್ಕು ತಿಂಗಳುಗಳಿವೆ. ಉದ್ಯಾವರ ಸೇತುವೆಯ ಕೆಳಗೆ ಭರತಕ್ಕೊಂದು ಇಳಿತಕ್ಕೊಂದು, 1901ರಿಂದ ನಿಂತಿರುವ ಕಾಪುವಿನ ದೀಪಸ್ತಂಭದ ಬುಡದಲ್ಲೊಂದು, ಕಾರ್ಕಳದ ರಾಮಸಮುದ್ರದಲ್ಲೊಂದು, ಹೀಗೆ ತಿಂಗಳಿಗೆ ನಾಲ್ಕು ಬಾಟಲಿಯಂತೆ ಒಬ್ಬ ವಿದ್ಯಾರ್ಥಿ ತೊಂಬತ್ತಾರು ಬಾಟಲಿ ನೀರು ತುಂಬಿಡಲಿ; ಕೆಡದಂತೆ ಅಯೋಡಿನ್ ಹನಿಸಿ, ಅರಗಿನ ಮುದ್ರೆಯೊತ್ತಿ, ಪೊಲೀಸರು ಮಹಜರು ಬರೆಯುವ ಕನ್ನಡದಲ್ಲೇ ಚೀಟಿ ಅಂಟಿಸಲಿ: ದಿನ, ಹೊತ್ತು, ಸ್ಥಳ, ಭರತವೋ ಇಳಿತವೋ, ತೆಗೆದವರ ರುಜು.